ಬೆಂಚಿನ ಮೇಲಿನ ಹರ್ಜುನೊ

ಹರ್ಜುನೊನಷ್ಟು ಚೆನ್ನಾಗಿ ಬೆಂಚಿನ ಮೇಲೆ ಕೂರುವ ಆಟಗಾರನನ್ನು ನಾನು ಇದುವರೆಗೆ ನೋಡಿಲ್ಲ. ಉಳಿದ ಬದಲಿ ಆಟಗಾರರು ಕಾಲು ಚಾಚಿ, ಕಂಬಳಿ ಹೊದ್ದು, ನಡುನಡುವೆ ಆಕಳಿಸುತ್ತ ಕೂತಿರುತ್ತಿದ್ದರು. ಇವನು ಮಾತ್ರ ಬೆನ್ನು ನೆಟ್ಟಗೆ ಮಾಡಿ, ಎರಡೂ ಅಂಗೈಗಳನ್ನು ಮಂಡಿಯ ಮೇಲಿಟ್ಟು, ಬೂಟಿನ ಲೇಸಿಗೆ ಎರಡು ಗಂಟು ಬಿಗಿದು, ಯಾವ ಕ್ಷಣದಲ್ಲಾದರೂ ತನ್ನ ಹೆಸರು ಕೂಗಿಯಾರು ಎಂದು ಕಾದಿರುತ್ತಿದ್ದ. ಮೊದಲಾರ್ಧ ಮುಗಿಯುವ ಹೊತ್ತಿಗೆ ಎದ್ದು ಗೆರೆಯ ಪಕ್ಕದಲ್ಲಿ ಮೈ ಬಿಸಿಮಾಡಿಕೊಳ್ಳಲು ಶುರುಮಾಡುತ್ತಿದ್ದ. ಮಂಡಿ ಎದೆಗೆ ತಾಗುವಂತೆ ನೆಗೆದು, ಪಕ್ಕಕ್ಕೆ ಜಾರಿ, ಹಿಂದಕ್ಕೆ ಓಡಿ, ಮೈದಾನದೊಳಗೆ ಆಡುತ್ತಿದ್ದವರಿಗಿಂತ ಹೆಚ್ಚು ಬೆವರುತ್ತಿದ್ದ. ಪಂದ್ಯ ಮುಗಿದ ಮೇಲೆ ಇಡೀ ತಂಡ ಸಾಲಾಗಿ ನಿಂತು ಪ್ರೇಕ್ಷಕರಿಗೆ ನಡು ಬಾಗಿಸುವುದು ಇಲ್ಲಿ ಜಪಾನಿನಲ್ಲಿ ಪದ್ಧತಿ. ಆಗ ಎಲ್ಲರಿಗಿಂತ ಕೆಳಗೆ ಬಾಗುತ್ತಿದ್ದವನು ಅವನೇ. ತಂಡ ಸೋತಿದ್ದರೆ ಇನ್ನೂ ಕೆಳಗೆ. ಆ ಸೋಲಿಗೂ ಅವನಿಗೂ ಯಾವ ಸಂಬಂಧವೂ ಇರುತ್ತಿರಲಿಲ್ಲ. ಆದರೂ ಕ್ಷಮೆ ಕೇಳುವುದರಲ್ಲಿ ಮಾತ್ರ ಅವನಿಗೆ ಪ್ರತಿ ವಾರವೂ ಪೂರ್ತಿ ಅವಕಾಶ ಸಿಗುತ್ತಿತ್ತು.

ಇಪ್ಪತ್ತೊಂದು ವರ್ಷದ ಇಂಡೋನೇಷ್ಯಾದ ಫುಟ್‌ಬಾಲ್ ಆಟಗಾರನಿಗೂ ತುಮಕೂರಿನ ಟಿ. ಎಸ್. ಶೈಲಜಾ ಎಂಬ ನನಗೂ ಎಲ್ಲಿಂದೆಲ್ಲಿಯ ನಂಟು ಎಂದು ನನ್ನ ಗಂಡ ಗುರು ಇವತ್ತಿಗೂ ಕೇಳುತ್ತಾನೆ. ಆ ನಂಟನ್ನು ಕಲ್ಪಿಸಿದವರು ನಮ್ಮ ಆಫೀಸಿನ ಸುಗಿಯಾಮಾ-ಸಾನ್. ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ನಾನು ಹಮಾಮತ್ಸುವಿನ ಒಂದು ಕಾರ್ಖಾನೆಯಲ್ಲಿ ಬೈಕಿನ ಎಂಜಿನ್ನುಗಳಿಗೆ ಹಾಕುವ ರಬ್ಬರ್ ಸೀಲುಗಳಲ್ಲಿ ಬಿರುಕು ಹುಡುಕುವ ಎಂಜಿನಿಯರ್. ಸುಗಿಯಾಮಾ-ಸಾನ್ ಅಲ್ಲಿಯ ಆಡಳಿತ ವಿಭಾಗದ ಮುಖ್ಯಸ್ಥರು. ನಮ್ಮ ಕಂಪನಿ ಊರಿನ ಫುಟ್‌ಬಾಲ್ ಕ್ಲಬ್ಬಿನ ಪ್ರಾಯೋಜಕರಲ್ಲಿ ಒಂದು. ಕ್ಲಬ್ಬಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅವರು ನನಗಿಂತ ಮುಂಚೆ ಕ್ಷಮೆ ಕೇಳಿಬಿಡುತ್ತಾರೆ. ದೊಡ್ಡ ಕಂಪನಿಗಳ ಹೆಸರು ಆಟಗಾರರ ಎದೆಯ ಮೇಲೆ, ಮಧ್ಯಮ ಗಾತ್ರದವುಗಳದ್ದು ತೋಳಿನ ಮೇಲೆ, ನಮ್ಮದು ಚಡ್ಡಿಯ ಹಿಂಭಾಗದಲ್ಲಿ. ಆಟಗಾರ ಮುಗ್ಗರಿಸಿ ಬಿದ್ದಾಗ ಟೀವಿಯಲ್ಲಿ ನಮ್ಮ ಹೆಸರೊಂದೇ ಸ್ಪಷ್ಟವಾಗಿ ಕಾಣುತ್ತದೆ ಎಂದು ಸುಗಿಯಾಮಾ-ಸಾನ್ ಸಮಾಧಾನ ಹೇಳುತ್ತಿದ್ದರು. ನಮ್ಮ ತಂಡದವರು ಸಾಕಷ್ಟು ಬೀಳುತ್ತಿದ್ದುದರಿಂದ ಅದೇನೂ ನಷ್ಟದ ಜಾಗವಲ್ಲ.

ಒಂದು ಸೋಮವಾರ ಅವರು ನನ್ನ ಮೇಜಿನ ಬಳಿ ಬಂದು ಕೆಮ್ಮಿದರು. ಜಪಾನಿ ನಾಲಿಗೆಗೆ ಲಕಾರ ಹೊರಳುವುದಿಲ್ಲ.

"ಶೈರಾಜಾ-ಸಾನ್, ಕ್ಲಬ್ಬಿಗೆ ಇಂಡೋನೇಷ್ಯಾದಿಂದ ಒಬ್ಬ ಆಟಗಾರ ಬಂದಿದ್ದಾರೆ. ಭಾಷೆಯ ತೊಂದರೆ ಇದೆಯಂತೆ. ತಾವು ಸಹಕರಿಸಲು ಸಾಧ್ಯವೇ?"

"ನಾನು ಇಂಡಿಯಾದವಳು, ಸುಗಿಯಾಮಾ-ಸಾನ್."

"ಹೌದು, ಹೌದು. ಅದಕ್ಕೇ ಕೇಳಿದೆ," ಎಂದು ಅವರು ಸಂತೋಷಪಟ್ಟರು. ಗೋಡೆಯ ಮೇಲಿನ ಭೂಪಟದಲ್ಲಿ ಎರಡೂ ದೇಶಗಳನ್ನು ಅವರ ಒಂದು ಅಂಗೈ ಮುಚ್ಚುತ್ತಿತ್ತು. ಅಷ್ಟು ಹತ್ತಿರದವರು ಒಬ್ಬರ ಮಾತು ಒಬ್ಬರು ತಿಳಿಯದಿರುವುದುಂಟೇ? ಹೀಗೆ ನಾನು ವಾರಾಂತ್ಯಗಳಲ್ಲಿ ಹರ್ಜುನೊನ ದುಭಾಷಿಯಾದೆ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಜಪಾನಿ ಭಾಷೆಗೆ ತರಬೇಕು, ಕ್ಲಬ್ಬಿನವರು ಹೇಳಿದ್ದನ್ನು ಅವನಿಗೆ ಇಂಗ್ಲಿಷಿನಲ್ಲಿ ಮುಟ್ಟಿಸಬೇಕು. ಅವನ ಇಂಗ್ಲಿಷಿನಲ್ಲಿ ನಿನ್ನೆಯೂ ಇರಲಿಲ್ಲ, ನಾಳೆಯೂ ಇರಲಿಲ್ಲ, ಎಲ್ಲವೂ ಈಗಲೇ ನಡೆಯುತ್ತಿತ್ತು. ಇಲ್ಲಿ ಅವನ ಮಾತುಗಳನ್ನು ಹಾಗೆಯೇ ಕನ್ನಡಕ್ಕೆ ತಂದಿದ್ದೇನೆ.

ನಮ್ಮಿಬ್ಬರ ಗೆಳೆತನ ಬೆಳೆದದ್ದು ನಗರಸಭೆಯ ಕಚೇರಿಯಲ್ಲಿ. ಜಾವಾ ದ್ವೀಪದ ಅನೇಕರಿಗೆ ಇರುವಂತೆ ಅವನಿಗೆ ಇದ್ದದ್ದು ಒಂದೇ ಹೆಸರು. ನಮ್ಮ ಅರ್ಜುನನಿಗೇ ಅವರು ಮುಂದೊಂದು ಹಕಾರ ಸೇರಿಸಿ ಹರ್ಜುನೊ ಮಾಡಿಕೊಂಡಿದ್ದಾರೆ. ಜಪಾನಿನ ಅರ್ಜಿಗಳಲ್ಲಿ ಮನೆತನದ ಹೆಸರಿಗೊಂದು ಚೌಕ, ಸ್ವಂತ ಹೆಸರಿಗೊಂದು ಚೌಕ. ಎರಡರಲ್ಲಿ ಒಂದು ಖಾಲಿ ಬಿಟ್ಟರೆ ಕಂಪ್ಯೂಟರ್ ಒಪ್ಪುವುದಿಲ್ಲ. ಗುಮಾಸ್ತೆ ಮೂರು ಜನ ಮೇಲಧಿಕಾರಿಗಳನ್ನು ಕೇಳಿ ಬಂದು, ಕೊನೆಗೆ ಅವನನ್ನು "ಹರ್ಜುನೊ ಹರ್ಜುನೊ" ಎಂದು ದಾಖಲಿಸಿದಳು. ಟಿ. ಮತ್ತು ಎಸ್. ಅಕ್ಷರಗಳಿಗೆ ನನ್ನ ತಾತನ ಊರು, ನನ್ನ ಅಪ್ಪನ ಹೆಸರು ಎಂದು ಇದೇ ಕೌಂಟರಿನಲ್ಲಿ ಹಿಂದೊಮ್ಮೆ ಒಂದು ಗಂಟೆ ವಿವರಿಸಿದ್ದ ನನಗೆ ಅವನ ಕಷ್ಟ ಹೊಸದಾಗಿರಲಿಲ್ಲ. ಅವನು ಮಾತ್ರ ಗುಮಾಸ್ತೆಗೆ ತೊಂದರೆ ಕೊಟ್ಟೆನಲ್ಲ ಎಂದು ನಾಲ್ಕು ಸಲ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ಹೇಳಿ ಹೊರಬಂದ. ಬಾಗಿಲಲ್ಲಿ ನಿಂತು, ಬೆರಳುಗಳನ್ನು ಮಡಿಚಿ, ಬಲಗೈ ಹೆಬ್ಬೆರಳನ್ನು ಮುಂದೆ ಚಾಚಿ, "ಮೊಂಗ್ಗೊ, ಸಿಸ್ಟರ್," ಎಂದ. ಅವನ ಭಾಷೆಯಲ್ಲಿ ಅದಕ್ಕೆ ನೀವು ಮೊದಲು ದಯಮಾಡಿಸಿ ಎಂದು ಅರ್ಥ. ಲಿಫ್ಟಿನಲ್ಲಿ ಮೊಂಗ್ಗೊ, ರೈಲಿನಲ್ಲಿ ಮೊಂಗ್ಗೊ, ಕೊಂಬಿನಿ ಎಂಬ ಹಗಲೂ ರಾತ್ರಿ ತೆರೆದಿರುವ ಅಂಗಡಿಯ ಬಾಗಿಲಲ್ಲಿ ಮೊಂಗ್ಗೊ. ಜಪಾನಿನವರು ಬೇರೆ ಅಷ್ಟೇ ಸಂಕೋಚದಿಂದ ನೀವು ಮೊದಲು ಎನ್ನುವ ಜನ. ಇವನ ಜೊತೆ ಕೊಂಬಿನಿಗೆ ಹೋದರೆ ಆ ತಾನೇ ತೆರೆದುಕೊಳ್ಳುವ ಬಾಗಿಲಿಗೂ ತಲೆಕೆಟ್ಟು ಹೋಗುತ್ತಿತ್ತು.

ಕ್ಲಬ್ಬು ಅವನನ್ನು ಯಾಕೆ ಕರೆಸಿತು ಎಂದು ನನಗೆ ಅರ್ಥವಾಗಲು ಎರಡು ವಾರ ಸಾಕಾಯಿತು. ಹರ್ಜುನೊ ತನ್ನ ದೇಶದ ರಾಷ್ಟ್ರೀಯ ತಂಡಕ್ಕೆ ಎರಡು ಗೋಲು ಹೊಡೆದಿದ್ದ. ಮುದ್ದಾದ ಮುಖ, ಕೆನ್ನೆಯಲ್ಲಿ ಗುಳಿ. ಫೋನಿನಲ್ಲಿ ಅವನನ್ನು ಹಿಂಬಾಲಿಸುವವರ ಸಂಖ್ಯೆ ನಮ್ಮ ಇಡೀ ಹಮಾಮತ್ಸುವಿನ ಜನಸಂಖ್ಯೆಯನ್ನು ಮೀರಿಸಿತ್ತು. ಅವನು ಬರುವ ಮುಂಚೆ ಕ್ಲಬ್ಬು ಒಂದು ಚಿತ್ರ ಹಾಕಿದರೆ ಆಟಗಾರರ ಹೆಂಡಿರು ಮತ್ತು ಅತ್ತೆಯರು ಸೇರಿ ಎರಡು ಡಜನ್ ಹೃದಯ ಒತ್ತುತ್ತಿದ್ದರು. ಈಗ ಮೈದಾನಕ್ಕೆ ಹೊಸ ಹುಲ್ಲು ಹಾಸಲಾಗುವುದು ಎಂಬ ಪ್ರಕಟಣೆಯ ಕೆಳಗೂ ಜಾವಾದಿಂದ ಸಾವಿರಾರು ಜನ "ಹರ್ಜುನೊನನ್ನು ಆಡಿಸಿ" ಎಂದು ಬರೆಯುತ್ತಿದ್ದರು. ಕ್ಲಬ್ಬಿನ ಪ್ರಚಾರ ವಿಭಾಗದವರಿಗೆ ಹಿಗ್ಗೋ ಹಿಗ್ಗು. ಅವನನ್ನು ಆಡಿಸಿದರೆ ಜನ ಒಂದು ದಿನ ಖುಷಿಪಟ್ಟು ಸುಮ್ಮನಾಗುತ್ತಾರೆ. ಆಡಿಸದಿದ್ದರೆ ವಾರಪೂರ್ತಿ ಬೈಯುತ್ತಾರೆ. ಬೈಗುಳವೂ ಲೆಕ್ಕಕ್ಕೆ ಸೇರುತ್ತದೆಯಂತೆ.

ಹಾಗಾಗಿ ಅವನಿಗೆ ಮೈದಾನವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಕೈತುಂಬ ಕೆಲಸ. ಟೀ ತೋಟದಲ್ಲಿ ಬುಟ್ಟಿ ಹೊತ್ತ, ಸ್ಟ್ರಾಬೆರಿ ಕಿತ್ತ, ಪಿಯಾನೋ ಮುಂದೆ ಕೂತು ನುಡಿಸುವಂತೆ ನಟಿಸಿದ. ಒಂದು ಸಲ ಊರಿನ ಹೆಮ್ಮೆಯ ತಿಂಡಿ ಗ್ಯೋಜಾವನ್ನು ಅವನಿಂದ ತಿನ್ನಿಸುವ ವಿಡಿಯೋ. ನಮ್ಮ ಊರಿನಲ್ಲಿ ಅದನ್ನು ದುಂಡಗೆ ಜೋಡಿಸಿ, ನಡುವೆ ಬೇಯಿಸಿದ ಮೊಳಕೆ ಕಾಳಿನ ಗುಡ್ಡೆ ಇಡುತ್ತಾರೆ. ಕಡುಬಿನೊಳಗೆ ಇರುವುದು ಹಂದಿಮಾಂಸ. ಹುಡುಗ ಮುಸಲ್ಮಾನ, ದುಭಾಷಿ ಸಸ್ಯಾಹಾರಿ. ಇದನ್ನು ಯಾರೂ ಮುಂಚೆ ಯೋಚಿಸಿರಲಿಲ್ಲ. ಕ್ಯಾಮೆರಾ ಹಿಡಿದವನು ಸ್ಸ್ಸ್ ಎಂದು ಹಲ್ಲುಗಳ ನಡುವೆ ಉಸಿರೆಳೆದುಕೊಂಡ. ಜಪಾನಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಮೊದಲು ಬರುವ ಸದ್ದು ಅದೇ. ಕೊನೆಗೆ ನಾವಿಬ್ಬರೂ ಎದುರುಬದುರು ಕೂತು ನಡುವಿನ ಮೊಳಕೆ ಕಾಳನ್ನಷ್ಟೇ ತಿಂದು, "ಓಇಶೀ!" ಎಂದು, ಅಂದರೆ ಬಲು ರುಚಿ ಎಂದು, ಕಣ್ಣರಳಿಸಿದೆವು. ಆ ವಿಡಿಯೋ ನೋಡಿದವರ ಸಂಖ್ಯೆ ಕ್ಲಬ್ಬಿನ ಚರಿತ್ರೆಯಲ್ಲೇ ದೊಡ್ಡದು ಎಂದು ಸುಗಿಯಾಮಾ-ಸಾನ್ ನನಗೆ ಅಭಿನಂದನೆ ಹೇಳಿದರು.

ಅವತ್ತು ಹಸಿದುಕೊಂಡಿದ್ದ ಅವನನ್ನು ಮನೆಗೆ ಕರೆದುಕೊಂಡು ಬಂದೆ. ಬಿಸಿಬೇಳೆಬಾತ್ ತಟ್ಟೆಗೆ ಹಾಕುವಾಗ ಅವನು ಎರಡೂ ಕೈ ಅಡ್ಡ ಹಿಡಿದು, "ಬೇಡ ಸಿಸ್ಟರ್, ಹೊಟ್ಟೆ ತುಂಬಿದೆ," ಎಂದ.

"ಪಾಪ ಬೇಡ ಅಂತಿದ್ದಾನಲ್ಲ ಶೈಲೂ, ಯಾಕೆ ಫೋರ್ಸ್ ಮಾಡ್ತೀಯಾ?" ಎಂದ ಗುರು. ಹದಿನಾಲ್ಕು ವರ್ಷ ಜಪಾನಿನಲ್ಲಿದ್ದು ಅವನು ಸುಧಾರಿಸಿಬಿಟ್ಟಿದ್ದಾನೆ.

ನಾನು ತುಮಕೂರಿನವಳು. ಎರಡನೇ ಸಲ ಕೇಳಿದೆ, ಬೇಡ ಎಂದ. ಮೂರನೇ ಸಲ ಗದರಿಸುವಂತೆ ಕೇಳಿದೆ. ತಲೆ ತಗ್ಗಿಸಿ, "ಸ್ವಲ್ಪ," ಎಂದ. ಆಮೇಲೆ ಕುಕ್ಕರಿನ ತಳ ಕಾಣುವವರೆಗೆ ತಿಂದ. ಅವನ ಊರಿನಲ್ಲೂ ಇದೇ ಪದ್ಧತಿಯಂತೆ. ಮೊದಲ ಸಲ ಕೇಳಿದಾಗಲೇ ಹೂಂ ಎಂದವನು ಹಸಿದ ನಾಯಿ. ಮೂರು ಸಲ ಕೇಳದೆ ಪಾತ್ರೆ ಎತ್ತಿಟ್ಟವಳು ಜಿಪುಣಿ. ನಮ್ಮ ಕಡೆಯೂ ಅಷ್ಟೇ ಎಂದಾಗ ಅವನ ಮುಖ ಅರಳಿತು. ಜಪಾನಿನವರಲ್ಲೂ ಈ ಉಪಚಾರ ಉಂಟು, ಆದರೆ ಅದು ಅವರವರಲ್ಲಿ ಮಾತ್ರ. ಪರದೇಶದವರು ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳುತ್ತಾರೆ ಎಂದು ಎಲ್ಲೋ ಓದಿಕೊಂಡಿರುವುದರಿಂದ, ನಾವು ಬೇಡ ಎಂದರೆ ಬಹಳ ಗೌರವದಿಂದ ತಟ್ಟೆ ಎತ್ತಿಕೊಂಡು ಹೋಗಿಬಿಡುತ್ತಾರೆ. ಈ ಗೌರವದಿಂದ ನಾನು ಇಲ್ಲಿಯ ಮೊದಲ ವರ್ಷ ಎಷ್ಟು ಸಲ ಹಸಿದಿದ್ದೇನೋ ಲೆಕ್ಕವಿಲ್ಲ.

ಊಟವಾದ ಮೇಲೆ ಅವನು ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಅವನ ಅಪ್ಪ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದರು. ಪಂದ್ಯದ ದಿನ ಅಂಗಡಿಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್ ತಂದು, ಬೀದಿಯವರೆಲ್ಲ ಕೂತು ನೋಡುತ್ತಾರಂತೆ. ಹರ್ಜುನೊ ಗೆರೆಯ ಪಕ್ಕ ಮೈ ಬಿಸಿಮಾಡಿಕೊಳ್ಳುವುದನ್ನು ಕ್ಯಾಮೆರಾ ಒಂದು ಕ್ಷಣ ತೋರಿಸಿದರೂ ಚಪ್ಪಾಳೆ.

"ಊರಲ್ಲಿ ಎಲ್ಲರೂ ನನ್ನನ್ನ ತುಂಬ ಒಳ್ಳೆ ಆಟಗಾರ ಅಂತಾರೆ," ಎಂದ. "ಇಲ್ಲಿ ಎಲ್ಲರೂ ನನ್ನನ್ನ ತುಂಬ ಒಳ್ಳೆ ಫೋಟೋ ಅಂತಾರೆ. ಯಾವುದು ನಿಜ ಸಿಸ್ಟರ್?"

"ನಿನಗೇನು ಅನ್ನಿಸುತ್ತೆ?"

"ನನಗೆ ಗೊತ್ತಿಲ್ಲ. ಒಂದು ಪಂದ್ಯ ಪೂರ್ತಿ, ತೊಂಬತ್ತು ನಿಮಿಷ ಆಡಿದರೆ ಗೊತ್ತಾಗುತ್ತೆ. ಕೆಟ್ಟದಾಗಿ ಆಡಿದರೂ ಪರವಾಗಿಲ್ಲ. ಗೊತ್ತಾಗುತ್ತೆ."

ಒಂಬತ್ತು ವರ್ಷದ ನನ್ನ ಮಗಳು ನಿಧಿ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವವಳು, ಹೋಮ್‌ವರ್ಕಿನಿಂದ ತಲೆ ಎತ್ತದೆ, "ಅಮ್ಮಾ, ಕೋಚ್ ಈಸ್ ಸ್ಕೇರ್ಡ್. ಹಿ ವೋಂಟ್ ಪ್ಲೇ ಹಿಮ್," ಎಂದಳು. ಕ್ಲಬ್ಬಿನ ವ್ಯವಹಾರ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಅಕ್ಟೋಬರಿನ ಒಂದು ಶನಿವಾರ ಅವನಿಗೆ ಅವಕಾಶ ಒದಗಿತು. ಯಾರದೋ ತೊಡೆಯ ಸ್ನಾಯು ಹಿಡಿದುಕೊಂಡಿತು, ಮತ್ತೊಬ್ಬನಿಗೆ ಜ್ವರ. ಎಪ್ಪತ್ತನೇ ನಿಮಿಷದಲ್ಲಿ ಕೋಚ್ ಬೆಂಚನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿ, ಬೇರೆ ದಾರಿಯಿಲ್ಲ ಎಂಬಂತೆ ಇವನ ಹೆಸರು ಕೂಗಿದ. ಹರ್ಜುನೊ ಒಳಗೆ ಹೋದ. ನನಗೆ ಫುಟ್‌ಬಾಲ್ ತಿಳಿಯುವುದಿಲ್ಲ. ಆದರೆ ಅವನ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ಎದುರಾಳಿಗಳು ಹಿಂದೆ ಹಿಂದೆ ಸರಿಯುತ್ತಿದ್ದುದು ನನಗೂ ಕಾಣುತ್ತಿತ್ತು. ಎಂಬತ್ತೈದನೇ ನಿಮಿಷದಲ್ಲಿ ಇಬ್ಬರನ್ನು ದಾಟಿ ಗೋಲಿನ ಹತ್ತಿರ ನುಗ್ಗಿದ; ಮೂರನೆಯವನು ಕಾಲು ಕೊಟ್ಟು ಕೆಡವಿದ. ನಮ್ಮ ಕಂಪನಿಯ ಹೆಸರು ಟೀವಿಯಲ್ಲಿ ಸ್ಪಷ್ಟವಾಗಿ ಕಂಡಿರಬೇಕು. ರೆಫರಿ ಪೆನಾಲ್ಟಿ ಕೊಟ್ಟ. ಆಗ ಎರಡೂ ತಂಡಗಳು ಒಂದೊಂದು ಗೋಲಿನಿಂದ ಸಮವಾಗಿದ್ದವು.

ಪೆನಾಲ್ಟಿ ಒದೆಯಬೇಕಾದವನು ಅದಾಗಲೇ ಹೊರಗೆ ಹೋಗಿದ್ದ. ಕ್ಯಾಪ್ಟನ್ ಕವಾಯಿ-ಸಾನ್, ಮೂವತ್ತು ದಾಟಿದ ಸಂಭಾವಿತ ಮನುಷ್ಯ, ಚೆಂಡನ್ನು ಎತ್ತಿಕೊಂಡು ಹರ್ಜುನೊನ ಬಳಿ ಬಂದರು. ಬಿದ್ದು ಗಳಿಸಿದವನು ಅವನಲ್ಲವೇ? ಚೆಂಡನ್ನು ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದು ಏನೋ ಕೇಳಿದರು. ಇಡೀ ಸ್ಟೇಡಿಯಂ ಎದ್ದು ನಿಂತಿತ್ತು. ಜಾವಾದಲ್ಲಿ ಒಂದು ಪಂಕ್ಚರ್ ಅಂಗಡಿಯ ಮುಂದೆ ಇಡೀ ಬೀದಿ ಎದ್ದು ನಿಂತಿತ್ತು. ಹರ್ಜುನೊ ಸ್ವಲ್ಪ ಬಾಗಿ, ಬೆರಳುಗಳನ್ನು ಮಡಿಚಿ, ಹೆಬ್ಬೆರಳನ್ನು ಗೋಲಿನ ಕಡೆ ಚಾಚಿದ. ಅಷ್ಟು ದೂರದಿಂದ ಕೇಳಿಸದಿದ್ದರೂ ಏನೆಂದ ಎಂದು ನನಗೆ ಗೊತ್ತಾಯಿತು.

"ತಗೊಳ್ಳೋ, ದಡ್ಡಾ!" ಎಂದು ನಾನು ಕನ್ನಡದಲ್ಲಿ ಕಿರುಚಿದೆ. ಮುಂದಿನ ಸಾಲಿನವರು ಹಿಂತಿರುಗಿ ನೋಡಿ ವಿನಯದಿಂದ ತಲೆಬಾಗಿದರು.

ಕವಾಯಿ-ಸಾನ್ ಎರಡನೇ ಸಲ ಕೇಳಲಿಲ್ಲ. ತಲೆಯಾಡಿಸಿ, ಚೆಂಡನ್ನು ನೆಲದ ಮೇಲಿಟ್ಟು, ಗೋಲು ಹೊಡೆದು, ಪಂದ್ಯ ಗೆಲ್ಲಿಸಿದರು.

ಪಂದ್ಯವಾದ ಮೇಲೆ ಡ್ರೆಸ್ಸಿಂಗ್ ರೂಮಿನ ಹೊರಗಿನ ಓಣಿಯಲ್ಲಿ ಹರ್ಜುನೊ ಸಿಕ್ಕ. ಕಣ್ಣು ಕೆಂಪಾಗಿತ್ತು.

"ಯಾಕೋ ಹಾಗೆ ಮಾಡಿದೆ?"

"ಸಿಸ್ಟರ್, ಅವರು ಒಂದೇ ಸಲ ಕೇಳ್ತಾರೆ," ಎಂದ.

ಊರಿನಿಂದ ಅಪ್ಪನ ಫೋನು ಬಂದಿತ್ತಂತೆ. ಮಗ ಪರದೇಶದಲ್ಲಿ ಕೂಡ ಹಿರಿಯರನ್ನು ಮುಂದೆ ಬಿಟ್ಟ, ಒಳ್ಳೆಯ ನಡತೆ ಎಂದು ಬೀದಿಯವರೆಲ್ಲ ಹೊಗಳಿದರಂತೆ. ನಮ್ಮ ಕೋಚಿನ ಅಭಿಪ್ರಾಯ ಬೇರೆ. "ಹುಡುಗನಿಗೆ ಹಸಿವಿಲ್ಲ," ಎಂದು ಮರುದಿನದ ಸಭೆಯಲ್ಲಿ ಹೇಳಿದ. ಅದನ್ನು ಹರ್ಜುನೊನಿಗೆ ಅನುವಾದಿಸಬೇಕಾದ ಭಾಗ್ಯವೂ ನನ್ನದೇ. ಕುಕ್ಕರಿನ ತಳ ಕಾಣುವವರೆಗೆ ತಿಂದ ಹುಡುಗನಿಗೆ ಹಸಿವಿಲ್ಲ! ಆಮೇಲಿನ ಪಂದ್ಯಗಳಲ್ಲಿ ಅವನು ಮತ್ತೆ ಬೆಂಚಿಗೆ ಮರಳಿದ.

ನನಗೆ ತಡೆಯಲಾಗಲಿಲ್ಲ. ಇನ್ನು ಮೇಲೆ ಈ ದೇಶದಲ್ಲಿ ಯಾರು ಏನು ಕೇಳಿದರೂ, ಪ್ರಶ್ನೆ ಮುಗಿಯುವ ಮುಂಚೆಯೇ "ಹಾಯ್", ಅಂದರೆ ಹೌದು, ಎನ್ನಬೇಕು ಎಂದು ಅವನಿಗೆ ಪಾಠ ಹೇಳಿದೆ. ನಾನು ಹೇಳಿದ್ದನ್ನು ಅವನು ಶ್ರದ್ಧೆಯಿಂದ ಅಭ್ಯಾಸ ಮಾಡಿದ. ಅಭ್ಯಾಸ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕೊಂಬಿನಿಯ ಹುಡುಗಿ ಚೀಲ ಬೇಕೇ ಎಂದರೆ ಹಾಯ್, ಬಿಸಿ ಮಾಡಲೇ ಎಂದರೆ ಹಾಯ್, ಸದಸ್ಯತ್ವದ ಕಾರ್ಡು ಮಾಡಿಸಿಕೊಳ್ಳುತ್ತೀರಾ ಎಂದರೆ ಹಾಯ್. ಒಂದು ಬಾಳೆಹಣ್ಣು ತರಲು ಹೋದವನು ಎರಡು ಚೀಲ, ನಾಲ್ಕು ಜೊತೆ ಊಟದ ಕಡ್ಡಿ ಮತ್ತು ಒಂದು ಕಾರ್ಡು ಹಿಡಿದುಕೊಂಡು ಬರುತ್ತಿದ್ದ. ನಿಧಿ ಅವನಿಗೆ ಪರೀಕ್ಷೆ ನಡೆಸಿ, ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಳು.

ನವೆಂಬರಿನ ಕೊನೆಯಲ್ಲಿ ಕ್ಲಬ್ಬಿನಿಂದ ಕರೆ ಬಂತು. ಅವನ ಒಂದು ವರ್ಷದ ಕರಾರು ಮುಗಿಯುತ್ತಿತ್ತು. ಅದೇ ವಾರ ಅವನ ಊರಿನ ಕಡೆಯ ಕ್ಲಬ್ಬೊಂದು ಬಾ, ಪ್ರತಿ ಪಂದ್ಯವೂ ಆಡಿಸುತ್ತೇವೆ ಎಂದಿತ್ತು. ಅವರ ರಾಷ್ಟ್ರೀಯ ತಂಡದ ಕೋಚ್ ಬೇರೆ, ಕ್ಲಬ್ಬಿನಲ್ಲಿ ಆಡದೆ ಕೂತಿರುವವರನ್ನು ನಾನು ಆರಿಸುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಊರಿಗೆ ಹೋದರೆ ಆಟವೂ ಉಂಟು, ದೇಶದ ಅಂಗಿಯೂ ಉಂಟು. ಇದರಲ್ಲಿ ಯೋಚಿಸುವುದೇನಿದೆ ಎಂದು ಗುರು ಕೂಡ ಹೇಳಿದ. ಕ್ರಿಕೆಟ್ ಬಿಟ್ಟು ಬೇರೆ ಆಟದ ಬಗ್ಗೆ ಅವನು ಬಾಯಿ ಬಿಟ್ಟದ್ದು ಅದೊಂದೇ ಸಲ.

ಕ್ಲಬ್ಬಿನ ಮ್ಯಾನೇಜರ್ ಕುರೋದಾ-ಸಾನ್ ನಮಗೆ ಹಸಿರು ಟೀ ಕೊಟ್ಟು, ಹವಾಮಾನದ ಬಗ್ಗೆ ಐದು ನಿಮಿಷ ಮಾತನಾಡಿದರು. ಅವರ ಮುಂದೆ ಒಂದು ಕಡತ. ಅದರ ಕೆಳಗಿನಿಂದ ಅಚ್ಚಾದ ಕಾಗದವೊಂದರ ಮೇಲ್ಭಾಗ ಇಣುಕುತ್ತಿತ್ತು. ದಿನವಿಡೀ ರಬ್ಬರಿನ ಕೂದಲೆಳೆಯಷ್ಟು ಬಿರುಕು ಹುಡುಕುವ ಕಣ್ಣು ನನ್ನದು, ತಲೆಕೆಳಗಾಗಿದ್ದರೂ ಓದಿದೆ. "ಆಟಗಾರನ ಇಚ್ಛೆಯನ್ನು ಗೌರವಿಸಿ, ಹರ್ಜುನೊ ಅವರನ್ನು ಕ್ಲಬ್ಬಿನಿಂದ ಬೀಳ್ಕೊಡಲಾಗುತ್ತಿದೆ." ಆಟಗಾರನ ಇಚ್ಛೆ ಏನೆಂದು ಆಟಗಾರನನ್ನು ಇನ್ನೂ ಕೇಳಿರಲಿಲ್ಲ. ಅದಕ್ಕಾಗಿಯೇ ನಮ್ಮನ್ನು ಕರೆಸಿದ್ದರು.

ಕುರೋದಾ-ಸಾನ್ ಗಂಟಲು ಸರಿಮಾಡಿಕೊಂಡು ಬಹಳ ಉದ್ದವಾದ, ಬಹಳ ಮೃದುವಾದ ಒಂದು ವಾಕ್ಯ ಹೇಳಿದರು. ಹರ್ಜುನೊ ಅವರ ಕೊಡುಗೆ ಅಪಾರ, ಕುಟುಂಬದಿಂದ ದೂರವಿರುವುದು ಎಷ್ಟು ಕಷ್ಟವೆಂದು ನಾವು ಬಲ್ಲೆವು, ಹೀಗಿರುವಾಗ ಮುಂದಿನ ವರ್ಷವೂ ನಮ್ಮೊಂದಿಗೆ ಇರಲು ತಮಗೆ ಇಷ್ಟವಿದೆಯೇ ಎಂದು ಕೇಳುವುದು ನಮ್ಮ ಕರ್ತವ್ಯ. ಜಪಾನಿನಲ್ಲಿ ಬೆಳೆದ ಯಾವ ಮಗುವಾದರೂ ಈ ಪ್ರಶ್ನೆಗೆ, ತಮ್ಮ ಔದಾರ್ಯಕ್ಕೆ ಋಣಿ, ಆದರೆ ನಾನು ಹೊಸ ದಾರಿ ಹುಡುಕಿಕೊಳ್ಳುತ್ತೇನೆ ಎಂದು ಉತ್ತರಿಸುತ್ತದೆ. ಕಾಗದ ಹೊರಗೆ ಬರುತ್ತದೆ, ಎಲ್ಲರೂ ಬಾಗುತ್ತಾರೆ, ಟೀ ಆರುವ ಮುಂಚೆ ಕೆಲಸ ಮುಗಿಯುತ್ತದೆ.

ನಾನು ಅವನಿಗೆ ಏನು ಹೇಳಬೇಕಿತ್ತು? ಅವರು ಕೇಳಿದ ಮಾತನ್ನೋ, ಆ ಕಾಗದವನ್ನೋ? ದುಭಾಷಿಯಾದವಳು ಆಡಿದ ಮಾತನ್ನಷ್ಟೇ ದಾಟಿಸಬೇಕು ಎಂಬುದು ನಿಯಮ. ನಿಜ ಹೇಳಬೇಕೆಂದರೆ ನಿಯಮಕ್ಕಿಂತ ಹೆಚ್ಚಾಗಿ ನನಗಿದ್ದದ್ದು ಹೆದರಿಕೆ. ಸುಗಿಯಾಮಾ-ಸಾನ್ ನೆನಪಾದರು, ಚಡ್ಡಿಯ ಮೇಲಿನ ಹೆಸರು ನೆನಪಾಯಿತು.

"ಮುಂದಿನ ವರ್ಷವೂ ಇಲ್ಲಿರೋಕೆ ನಿನಗೆ ಇಷ್ಟಾನಾ ಅಂತ..."

"ಹಾಯ್!" ಎಂದ ಹರ್ಜುನೊ. ನನ್ನ ಮಾತು ಮುಗಿದೇ ಇರಲಿಲ್ಲ. ಎದ್ದು ನಿಂತು ನಡು ಬಾಗಿಸಿದ.

ಕುರೋದಾ-ಸಾನ್ ಹಲ್ಲುಗಳ ನಡುವೆ ಉಸಿರೆಳೆದುಕೊಂಡರು. ನಾನು ಅಷ್ಟು ದೀರ್ಘವಾದ ಸ್ಸ್ಸ್ ಹಿಂದೆಂದೂ ಕೇಳಿರಲಿಲ್ಲ. ಕಡತವನ್ನು ನಿಧಾನವಾಗಿ ಕಾಗದದ ಮೇಲೆ ಪೂರ್ತಿ ಸರಿಸಿದರು. ಕೇಳಿದ್ದಾಗಿತ್ತು, ಅವನು ಒಪ್ಪಿದ್ದಾಗಿತ್ತು, ಮಧ್ಯದಲ್ಲಿ ಪ್ರಾಯೋಜಕರ ಕಡೆಯ ಹೆಂಗಸು ಸಾಕ್ಷಿಯಾಗಿ ಕೂತಿದ್ದಳು. ಹತ್ತು ದಿನಗಳ ನಂತರ ಕರಾರನ್ನು ಇನ್ನೊಂದು ವರ್ಷಕ್ಕೆ ವಿಸ್ತರಿಸಲಾಯಿತು. ಜಾವಾದಿಂದ ಹೃದಯಗಳ ಹೊಳೆ ಹರಿಯಿತು. ಅವನ ಊರಿನ ಕಡೆಯ ಕ್ಲಬ್ಬು ಅವನಿಗಿಟ್ಟಿದ್ದ ಜಾಗವನ್ನು ಬೇರೊಬ್ಬನಿಗೆ ಕೊಟ್ಟಿತು.

ಎರಡನೇ ವರ್ಷದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಹರ್ಜುನೊ ಯಾರೂ ಹೌದು ಎನ್ನಬಾರದಿದ್ದ ಪ್ರಶ್ನೆಗೆ ಹೌದು ಎಂದವನು. ಕ್ಲಬ್ಬಿನಲ್ಲಿ ಯಾರೂ ಅವನೊಂದಿಗೆ ಒರಟಾಗಿ ನಡೆದುಕೊಳ್ಳಲಿಲ್ಲ. ಒರಟಾಗಿ ನಡೆದುಕೊಂಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಇಡೀ ವರ್ಷದಲ್ಲಿ ಅವನು ಮೈದಾನದೊಳಗಿದ್ದದ್ದು ಹನ್ನೊಂದು ನಿಮಿಷ, ಅದೂ ನಾವು ನಾಲ್ಕು ಗೋಲಿನಿಂದ ಸೋಲುತ್ತಿದ್ದ ಒಂದು ಪಂದ್ಯದಲ್ಲಿ. ಬೇಸಿಗೆಯಲ್ಲಿ ಅವರ ರಾಷ್ಟ್ರೀಯ ತಂಡದ ಪಟ್ಟಿ ಬಂದಾಗ ಅವನ ಹೆಸರಿರಲಿಲ್ಲ. ಆ ಸಂಜೆ ನಮ್ಮ ಮನೆಗೆ ಬಂದು ನಿಧಿಯ ಜೊತೆ ಎರಡು ಗಂಟೆ ಚೌಕಾಬಾರ ಆಡಿದ. ನನಗೇ ಕೂರಲಾಗಲಿಲ್ಲ, ಅಡುಗೆಮನೆಗೆ ಹೋಗಿ ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಹಾಯ್ ಎನ್ನಲು ಕಲಿಸಿದವಳು ನಾನು, ಕಾಗದ ಓದಿಯೂ ಬಾಯಿಗೆ ಬೀಗ ಹಾಕಿಕೊಂಡವಳು ನಾನು. ಅವನ ಒಂದು ವರ್ಷವನ್ನು ನಾನು ಹಾಳುಮಾಡಿದ್ದೆ, ಅದನ್ನು ಅವನಿಗೆ ಹೇಳುವ ಧೈರ್ಯವೂ ನನಗಿರಲಿಲ್ಲ.

ಮತ್ತೆ ನವೆಂಬರ್ ಬಂತು. ಕುರೋದಾ-ಸಾನ್ ಪ್ರಶ್ನೆ ಕೇಳುವ ತಪ್ಪನ್ನು ಎರಡನೇ ಸಲ ಮಾಡಲಿಲ್ಲ. ನೇರವಾಗಿ ಕಾಗದ ಕೊಟ್ಟು, ಜೊತೆಗೆ ಬಣ್ಣದ ಕಾಗದ ಸುತ್ತಿದ ಒಂದು ಬಿಸ್ಕತ್ತಿನ ಡಬ್ಬ ಕೊಟ್ಟರು. ಮುಂದಿನ ವರ್ಷಕ್ಕೆ ವಿಯೆಟ್ನಾಮಿನಿಂದ ಒಬ್ಬ ಹುಡುಗ ಬರುತ್ತಾನಂತೆ, ಅವನಿಗೆ ಇನ್ನೂ ಹೆಚ್ಚು ಹಿಂಬಾಲಕರಂತೆ. ಸುಗಿಯಾಮಾ-ಸಾನ್ ಆಗಲೇ ನನ್ನ ಮುಖವನ್ನೂ ಗೋಡೆಯ ಭೂಪಟವನ್ನೂ ಒಂದರ ನಂತರ ಒಂದು ನೋಡತೊಡಗಿದ್ದರು.

ಹರ್ಜುನೊ ಹೊರಟದ್ದು ಡಿಸೆಂಬರಿನ ಒಂದು ಬೆಳಿಗ್ಗೆ. ನಗೋಯಾದ ಕಡೆಗೆ ಹೋಗಿ ಅಲ್ಲಿಂದ ವಿಮಾನ. ಹಮಾಮತ್ಸು ಸ್ಟೇಷನ್ನಿನ ಎತ್ತರದ ಪ್ಲಾಟ್‌ಫಾರ್ಮಿನ ಮೇಲೆ ನಮ್ಮ ಊರಿನ ಚಳಿಗಾಲದ ಗಾಳಿ ಕಿವಿ ಕತ್ತರಿಸುವಂತೆ ಬೀಸುತ್ತಿತ್ತು. ಕ್ಲಬ್ಬಿನ ಕ್ಯಾಮೆರಾದವನು ಬಂದು, ಅವನನ್ನು ಸೂಟ್‌ಕೇಸ್ ಎಳೆಯುತ್ತ ಎರಡು ಸಲ ನಡೆಸಿ, ಕೈ ಬೀಸಿಸಿ, ಚಿತ್ರ ಸಿಕ್ಕಿದ ಮೇಲೆ ಅರಿಗಾತೋ ಎಂದು ಥ್ಯಾಂಕ್ಸ್ ಹೇಳಿ ಹೊರಟುಹೋದ. ರೈಲಿಗೆ ಇನ್ನೂ ಆರು ನಿಮಿಷವಿತ್ತು. ಈಗ ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಹರ್ಜುನೊ, ಹೋದ ವರ್ಷ ಕುರೋದಾ-ಸಾನ್ ರೂಮಲ್ಲಿ ಕಡತದ ಕೆಳಗೆ ಒಂದು ಕಾಗದ ಇತ್ತು. ನಿನ್ನನ್ನ ಕಳಿಸ್ತೀವಿ ಅಂತ ಆಗಲೇ ಬರೆದಿಟ್ಟಿದ್ರು. ನಾನು ಓದಿದ್ದೆ. ನಿನಗೆ ಹೇಳಲಿಲ್ಲ. ಹೇಳಿದ್ರೆ ನೀನು ಊರಿಗೆ ಹೋಗಿ ಆಡ್ತಿದ್ದೆ. ತಪ್ಪು ನನ್ನದು."

ಅವನು ಸೂಟ್‌ಕೇಸಿನ ಹಿಡಿಯನ್ನು ಎರಡು ಸಲ ಮೇಲೆ ಕೆಳಗೆ ಮಾಡಿದ.

"ನಾನೂ ನೋಡ್ತೀನಿ ಸಿಸ್ಟರ್, ಆ ದಿನ," ಎಂದ. "ಜಪಾನಿ ಅಕ್ಷರ ನನಗೆ ಬರಲ್ಲ. ನನ್ನ ಹೆಸರು ಮಾತ್ರ ಓದೋಕೆ ಬರುತ್ತೆ. ಹೆಸರಿನ ಪಕ್ಕ ನನ್ನ ಫೋಟೋ, ನಾನು ಬಗ್ಗಿ ನಮಸ್ಕಾರ ಮಾಡೋದು. ಕ್ಲಬ್ಬಿನವರು ಬಿಟ್ಟು ಹೋಗೋರಿಗೆ ಮಾತ್ರ ಆ ತರ ಫೋಟೋ ಹಾಕ್ತಾರೆ."

ಒಂದು ವರ್ಷ ನಾನು ಎದೆಯ ಮೇಲೆ ಹೊತ್ತುಕೊಂಡು ತಿರುಗಿದ ತಪ್ಪು ಅದು. ಅದರಲ್ಲೂ ನನ್ನ ಪಾಲು ಇಷ್ಟು ಸಣ್ಣದೇ?

"ಗೊತ್ತಿದ್ದೂ ಯಾಕೆ ಹಾಯ್ ಅಂದೆ ಮತ್ತೆ?"

"ಅವರು ಕೇಳ್ತಾರೆ, ಇರೋಕೆ ಇಷ್ಟಾನಾ ಅಂತ. ನನಗೆ ಇಷ್ಟ. ಅದಕ್ಕೆ ಹೌದು ಅಂತೀನಿ." ಅವನು ಗಾಳಿಗೆ ಕಣ್ಣು ಕಿರಿದು ಮಾಡಿ ಹಳಿಗಳ ಕಡೆ ನೋಡಿದ. "ಊರಲ್ಲಿ ಆಡೋಕೆ ನನಗೆ ಬರುತ್ತೆ, ಅದು ಗೊತ್ತು. ಇಲ್ಲಿ ಆಡೋಕೆ ಬರುತ್ತಾ ಅಂತ ನನಗೆ ಗೊತ್ತಾಗಬೇಕು."

ನನಗೆ ಅಳು ಬಂತು. ಅದನ್ನು ಗಾಳಿಯ ಮೇಲೆ ಹಾಕಿ, ಕರ್ಚೀಫು ತೆಗೆದು ಕಣ್ಣೊರೆಸಿಕೊಂಡೆ.

"ಗೊತ್ತಾಯ್ತಾ?" ಎಂದು ಕೇಳಿದೆ.

"ಇಲ್ಲ, ಸಿಸ್ಟರ್," ಎಂದ.

ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ರೈಲು ಬಂತು. ಜಪಾನಿನ ರೈಲಲ್ಲವೇ, ಒಂದು ನಿಮಿಷವೂ ತಡವಾಗಲಿಲ್ಲ.